ಹಿಂಬರಹ

ಕೆರೆ ಒತ್ತುವರಿಯಾಗಿದೆ ಎಂದು ಅವಳು ಕೊಟ್ಟ ಮೂರು ಅರ್ಜಿಗಳಿಗೂ ತಾಲ್ಲೂಕು ಕಚೇರಿ 'ಒತ್ತುವರಿ ಇಲ್ಲ' ಎಂದೇ ಉತ್ತರಿಸಿತ್ತು. ನಾಲ್ಕನೆಯ ಅರ್ಜಿಯಲ್ಲಿ ಅವಳು ಕೆರೆಯ ಮೇಲೆ ಡ್ರೋನ್ ಹಾರಿಸಲು ಅನುಮತಿ ಕೇಳಿದ್ದಳು.

"ಆಗಲ್ಲಮ್ಮ," ಎಂದರು ಅಧಿಕಾರಿ.

"ಯಾಕೆ ಸಾರ್? ಬರೀ ನೀರಿನ ಮೇಲೆ ತಾನೇ ಹಾರ್ಸೋದು?"

"ನೀರೆಲ್ಲಿದೆ? ಅರವತ್ತು ಮನೆ ಇದಾವೆ ಅಲ್ಲಿ. ಜನರ ತಲೆ ಮೇಲೆ ಕ್ಯಾಮೆರಾ ಹಾರ್ಸೋ ಹಾಗಿಲ್ಲ."

"ಹಾಗಂತ ಬರೆದು ಹಿಂಬರಹ ಕೊಡಿ. ಬಾಯಿಮಾತು ಕೇಳ್ಕೊಂಡು ಹೋಗೋಕೆ ಬಂದಿಲ್ಲ ನಾನು."

ಅವರು ಸಿಟ್ಟಿನಲ್ಲೇ ಬರೆದರು: 'ಸದರಿ ಕೆರೆಯಂಗಳದಲ್ಲಿ ಅರವತ್ತು ವಾಸದ ಮನೆಗಳಿರುವುದರಿಂದ ಅನುಮತಿ ನಿರಾಕರಿಸಲಾಗಿದೆ.' ಸಹಿ ಹಾಕಿ, ಸೀಲು ಒತ್ತಿ, ಅವಳತ್ತ ತಳ್ಳಿದರು.

"ಕದ್ದು ಹಾರ್ಸಿದ್ರೆ ಡ್ರೋನ್ ಜಪ್ತಿ ಮಾಡ್ತೀನಿ, ನೆನಪಿರ್ಲಿ!"

ಅವಳು ಹಿಂಬರಹವನ್ನು ಹಳೆಯ ಮೂರು ಉತ್ತರಗಳ ಜೊತೆ ಸೇರಿಸಿ ಪಿನ್ನು ಚುಚ್ಚಿದಳು.

"ನನ್ನ ಹತ್ರ ಡ್ರೋನೇ ಇಲ್ಲ ಸಾರ್."