ಹಿತ್ತಿಲ ಗೋಡೆಯ ಮೇಲಿನ ಚಿರತೆ

ಅಂದು ಬೆಳಿಗ್ಗೆ ಅಮ್ಮ ನನ್ನ ಜಡೆಗಳಿಗೆ ಕಾನ್ವೆಂಟಿನ ಬಿಳಿ ರಿಬ್ಬನ್ ಕಟ್ಟಿದ ಮೇಲೆ, ಎಂದಿನಂತೆ ನಾನು ಅಜ್ಜಿಯ ಹಿಂದೆ ಬಿಲ್ಡಿಂಗಿನ ಹಿತ್ತಿಲಿಗೆ ಹೋದೆ. ಮುಂಬೈಯ ಮುಲುಂಡಿನ ನಮ್ಮ ಸೊಸೈಟಿಯ ಗೋಡೆಯಾಚೆ ಕಾಡೇ ಇತ್ತು. ಉಳಿದ ಬಂಗುಡೆ ಮೀನಿನ ತಲೆ, ಮುಳ್ಳುಗಳನ್ನು ಬೀದಿನಾಯಿಗಳಿಗೆ ಹಾಕುವುದು ಅಜ್ಜಿಯ ನಿತ್ಯದ ಕೆಲಸ. ಈಗಲೂ ಬಂಗುಡೆ ತೊಳೆದ ಕೈಯ ವಾಸನೆ ಬಂದರೆ ಆ ಬೆಳಗೇ ಕಣ್ಣೆದುರು.

ಅಂದು ಒಂದು ನಾಯಿಯೂ ಇರಲಿಲ್ಲ. ಗೋಡೆಯ ಮೇಲೆ ಚಿರತೆ ಕೂತಿತ್ತು. ಅದರ ಮೀಸೆಯಲ್ಲಿ ಇಬ್ಬನಿಯಿತ್ತು. ಓಡಲು ತಿರುಗಿದ ನನ್ನ ಜಡೆಯನ್ನು ಅಜ್ಜಿ ಹಿಡಿದಳು.

“ಓಡ್ಬೇಡ ಮಗಾ. ಬಗ್ಗಲೂ ಬೇಡ. ಅದಕ್ಕೆ ಬೆನ್ನು ತೋರಿಸದೆ ಮೆಲ್ಲ ಹಿಂದೆ ಬಾ.”

ನನ್ನನ್ನು ಸೊಂಟಕ್ಕೆ ಒತ್ತಿಕೊಂಡು, ಗಂಜಿ ಹಾಕಿದ ನೂಲಿನ ಸೆರಗನ್ನು ಎರಡೂ ಕೈಯಲ್ಲಿ ಎತ್ತಿ ಅಗಲಿಸಿದಳು. “ಎಂತ ನೋಡ್ತಿ ಮಾರಾಯ? ನಿನ್ನ ಕಾಡು ಆಚೆ ಉಂಟು!” ಎಂದು ಗದರಿದಳು. ಚಿರತೆ ಸ್ವಲ್ಪ ಹೊತ್ತು ನೋಡಿ, ಅವಸರವಿಲ್ಲದೆ ಆಚೆ ಜಿಗಿಯಿತು.

ಸಂಜೆ ಅಜ್ಜಿ ಇದನ್ನು ಇಡೀ ಬಿಲ್ಡಿಂಗಿಗೆ ಕೇಳುವಂತೆ ಹೇಳುತ್ತಿದ್ದಾಗ, ಕೆಳಮನೆಯ ಶಾರದಕ್ಕ ಬಟ್ಟೆ ಮಡಚುತ್ತಲೇ ಅಂದರು: “ಅದು ದಿನಾ ಬರ್ತದಲ್ಲ ಅಜ್ಜಿ, ನಿಮ್ಮ ಮೀನು ತಿನ್ಲಿಕ್ಕೆ ಸೇರುವ ನಾಯಿಗಳನ್ನು ಹಿಡೀಲಿಕ್ಕೆ. ನಿಮಗೆ ಗೊತ್ತುಂಟು ಅಂತ ಎಣಿಸಿದ್ದೆ.”