ಲಾಯರಮ್ಮನ ಉತ್ತರ ಪತ್ರಿಕೆ

"ಅಳಿಸು," ಎಂದರು ಹೆಡ್‌ಮೇಡಂ.

"ಎಲ್ಲಾ ಸರಿ ಇದೆಯಲ್ಲ ಮೇಡಂ, ಯಾಕೆ ಅಳಿಸ್ಬೇಕು?"

"ಸರಿ ಇದೆ ಅಂತಾನೇ ಅಳಿಸು ಅಂದಿದ್ದು."

"ಆಗಲ್ಲ. ಪೆನ್ನಲ್ಲಿ ಬರ್ದಿದೀನಿ."

ಐದನೇ ತರಗತಿಯ ಈ ಹುಡುಗಿಗೆ ಲಾಯರಮ್ಮ ಎಂಬ ಹೆಸರು ಸುಮ್ಮನೆ ಬಿದ್ದಿರಲಿಲ್ಲ. ಉಳಿದ ಇಪ್ಪತ್ತೆರಡು ಮಕ್ಕಳು ಮೇಡಂ ಹೇಳಿಕೊಟ್ಟಂತೆ ಬರುವ ಲೆಕ್ಕವನ್ನೂ ಬಾರದವರ ಹಾಗೆ ಬಿಟ್ಟು, ಅರ್ಧ ಹಾಳೆ ಖಾಲಿ ಕೊಟ್ಟಿದ್ದವು. ಇವಳದು ಮಾತ್ರ ತುಂಬಿ ತುಳುಕುತ್ತಿತ್ತು. ಹೊರಗೆ ಉತ್ತರ ಪತ್ರಿಕೆ ಒಯ್ಯುವ ವ್ಯಾನು ಹಾರನ್ ಹೊಡೆಯಿತು. ಹೆಡ್‌ಮೇಡಂ ಹಲ್ಲು ಕಚ್ಚಿಕೊಂಡು ಪತ್ರಿಕೆಗಳ ಕಟ್ಟಿಗೆ ಸೀಲು ಹಾಕಿದರು.

ಅವರೇನು ಮಕ್ಕಳ ಹಗೆಯಲ್ಲ. ಹೊಸ ನಿಯಮ ಬಂದಿತ್ತು. ವರ್ಷದ ಮೊದಲಿಗೊಂದು ಪರೀಕ್ಷೆ, ಕೊನೆಗೊಂದು. ಮೊದಲನೆಯದರಲ್ಲಿ ಮೂವತ್ತು ತೆಗೆದ ಮಗುವನ್ನು, ವಲಯದ ನಲವತ್ತು ಶಾಲೆಗಳಲ್ಲಿ ಮೂವತ್ತೇ ತೆಗೆದ ಮಕ್ಕಳ ಜೊತೆ ನಿಲ್ಲಿಸುತ್ತಾರೆ. ಕೊನೆಯ ಪರೀಕ್ಷೆಯಲ್ಲಿ ಆ ಜೊತೆಯವರಲ್ಲಿ ನೂರಕ್ಕೆ ಎಷ್ಟು ಮಂದಿಯನ್ನು ಹಿಂದೆ ಹಾಕಿತೋ ಅದೇ ಅದರ ಬೆಳವಣಿಗೆಯ ಅಂಕ. ತರಗತಿಯ ಸರಾಸರಿ ಐವತ್ತು ದಾಟದಿದ್ದರೆ ಶಾಲೆಗೆ ಬೀಗ. ಆಮೇಲೆ ಈ ಪುಟ್ಟ ಕಾಲುಗಳು ಲಾರಿಗಳ ನಡುವೆ ಹೆದ್ದಾರಿ ದಾಟಿ ಆಚೆಯ ಶಾಲೆಗೆ ಹೋಗಬೇಕು.

ಬಲ್ಲ ಮಗು ಮೊದಲು ಮೂವತ್ತಕ್ಕೆ ನಿಂತುಬಿಟ್ಟರೆ, ಕೊನೆಗೆ ನಿಜವಾಗಿ ಮೂವತ್ತರಲ್ಲಿರುವ ಮಕ್ಕಳನ್ನು ಕಣ್ಣು ಮುಚ್ಚಿ ಹಿಂದೆ ಹಾಕೀತು. ಹೆಡ್‌ಮೇಡಂ ಲೆಕ್ಕಾಚಾರ ಅದು.

"ತಲೇಲಿರೋದನ್ನ ಬಚ್ಚಿಡೋಕೆ ಕಲಿಸೋ ಸ್ಕೂಲು ಇಡೀ ವಲಯಕ್ಕೆ ನಮ್ದೊಂದೇ ಕಣಮ್ಮ," ಎಂದು ಟೀ ಲೋಟ ಇಡುತ್ತಾ ಆಯಾ ನಕ್ಕಳು.

"ಬಾಯ್ಮುಚ್ಚೇ. ಗೋಡೆಗೂ ಕಿವಿ ಇರುತ್ತೆ."

ಮುಂದಿನ ತಿಂಗಳು ಮುಖ್ಯಶಿಕ್ಷಕರ ಸಭೆ. ವಲಯದ ಅಂಕಪಟ್ಟಿ ಹಿಡಿದು ಅಧಿಕಾರಿ ಮೇಜು ಗುದ್ದಿದರು. "ಏನ್ರೀ ಇದು? ಮಕ್ಕಳೆಲ್ಲಾ ರಜೇಲಿ ಬುದ್ಧೀನ ಗಿರವಿ ಇಟ್ಟು ಬಂದಿದಾರಾ?" ನಲವತ್ತು ತಲೆಗಳು ತಗ್ಗಿದವು. ತನ್ನೊಬ್ಬಳ ತಪ್ಪಿಗೆ ಇಷ್ಟು ಜನ ಬೈಸಿಕೊಂಡರಲ್ಲ ಎಂದು ಹೆಡ್‌ಮೇಡಂ ಒಳಗೊಳಗೇ ನೊಂದುಕೊಂಡರು. ಪಕ್ಕದಲ್ಲಿದ್ದ ಹೆದ್ದಾರಿಯಾಚೆಯ ಶಾಲೆಯ ಮೇಷ್ಟ್ರಿಗೆ ಅದೇನು ಕೆಮ್ಮೋ, ನಿಲ್ಲಲೇ ಇಲ್ಲ.

ಅಂದಿನಿಂದ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತದ್ದಿಲ್ಲ. ವ್ಯಾನಿನ ಸದ್ದಾದರೆ ಕಿಟಕಿಗೆ ಓಡುವರು. ಇಪ್ಪತ್ತೆರಡು ಖಾಲಿ ಹಾಳೆಗಳ ನಡುವೆ ಒಂದು ತುಂಬಿದ ಹಾಳೆ. ಯಾರಾದರೂ ಬಿಚ್ಚಿ ನೋಡಿದರೆ? ಅದೂ ಹೋಗಲಿ, ಮೊದಲೇ ತೊಂಬತ್ತೆಂಟಕ್ಕೆ ಹತ್ತಿ ಕೂತವಳು ಇನ್ನೆಲ್ಲಿಗೆ ಬೆಳೆದಾಳು? ತಾನೂ ಮುಳುಗಿ ಶಾಲೆಯನ್ನೂ ಮುಳುಗಿಸುತ್ತಾಳೆ.

ಪಾಠಕ್ಕೇನೂ ಕೊರತೆಯಾಗಲಿಲ್ಲ. ಗಂಟಲು ಹರಿಯುವವರೆಗೆ ಹೇಳಿಕೊಟ್ಟರು. ಲಾಯರಮ್ಮ ಕೈ ಎತ್ತಿದರೆ ಮಾತ್ರ ಪಕ್ಕದ ಮಗುವನ್ನು ಕೇಳುವರು.

ಒಂದು ದಿನ ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. "ನನ್ಮೇಲೆ ಸಿಟ್ಟಾ ಮೇಡಂ?"

"ಶಾಲೆ ಮುಚ್ಚಿದ ದಿನ ಬಂದು ಕೇಳು."

ಆಮೇಲೆ ಲಾಯರಮ್ಮ ಕೈ ಎತ್ತುವುದನ್ನೇ ಬಿಟ್ಟಳು.

ಕೊನೆಯ ಪರೀಕ್ಷೆ ಹೂವೆತ್ತಿದಂತೆ ಮುಗಿಯಿತು. ಎಲ್ಲರದೂ ಎಂಬತ್ತರ ಆಸುಪಾಸು. ಹೆಡ್‌ಮೇಡಂ ವರ್ಷದಲ್ಲಿ ಮೊದಲ ಸಲ ಬಿಸಿ ಟೀ ಕುಡಿದರು.

ಫಲಿತಾಂಶದ ಹಾಳೆ ಬಂದಾಗ ಕೈಯಲ್ಲಿದ್ದ ಟೀ ಮತ್ತೆ ಆರಿತು. ತರಗತಿಯ ಸರಾಸರಿ: ನಲವತ್ತೊಂಬತ್ತು.

ಸ್ಕೇಲು ಇಟ್ಟುಕೊಂಡು ಸಾಲು ಸಾಲಾಗಿ ನೋಡಿದರು. ಮೂವತ್ತರಿಂದ ಎಂಬತ್ತನಾಲ್ಕಕ್ಕೆ ಹಾರಿದ ಮಗುವಿಗೆ ಐವತ್ತೊಂದು. ಇಪ್ಪತ್ತೆಂಟರಿಂದ ಎಂಬತ್ತೊಂದಕ್ಕೆ ಏರಿದ ಮಗುವಿಗೆ ನಲವತ್ತೇಳು. ಇಷ್ಟು ಹಾರಿದರೂ ಜೊತೆಯವರಲ್ಲಿ ಅರ್ಧ ಮಂದಿ ಮುಂದೆಯೇ?

"ಏನಂತಮ್ಮ ಬಂದಿದ್ದು?" ಆಯಾ ಬಾಗಿಲಲ್ಲಿ ನಿಂತಳು.

"ಹೋಯ್ತು ಕಣೇ ಸ್ಕೂಲು. ಅವಳೇ, ಆ ಲಾಯರಮ್ಮನೇ ಎಳೆದು ಕೆಡವಿದ್ದು. ನಾನು ಮೊದಲೇ ಹೇಳಿರ್ಲಿಲ್ವಾ!"

ಸ್ಕೇಲನ್ನು ಸರ್ರನೆ ಅವಳ ಹೆಸರಿದ್ದ ಕೊನೆಯ ಸಾಲಿಗೆ ಎಳೆದರು. ಅಂಕದ ಜಾಗ ಖಾಲಿ ಇತ್ತು. ಸರಾಸರಿಗೂ ಅವಳನ್ನು ಸೇರಿಸಿರಲಿಲ್ಲ. ಪಕ್ಕದಲ್ಲಿ ಸಣ್ಣ ಅಕ್ಷರಗಳು.

'ಹೋಲಿಸಲು ಜೊತೆ ಸಿಕ್ಕಿಲ್ಲ: ಮೊದಲ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕ ಪಡೆದ ಮಗು ನಲವತ್ತು ಶಾಲೆಗಳಲ್ಲಿ ಇವಳೊಬ್ಬಳೇ.'