ಹನ್ನೆರಡನೆಯ ಮಗು

"ನಿಮ್ಮ ಮಗಳು ಭೂಮಿಕಾನ್ನ ಕರೀರಿ ಹೊನ್ನೂರಮ್ಮ. ಒಂದು ಫೋಟೊ ತಕ್ಕೊಂಡು ಮಧ್ಯಾಹ್ನದ ಬಸ್ಸಿಗೇ ಹೊರಡ್ತೀನಿ" ಎಂದು ಗೀತಾಂಜಲಿ ಬ್ಯಾಗಿನಿಂದ ಮೊಬೈಲ್ ತೆಗೆದಳು. ಹೊನ್ನೂರಮ್ಮ ಬಾಗಿಲು ಹಿಡಿದು ನಿಂತವಳು ಕದಲಲಿಲ್ಲ. ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದ ಅವಳ ಅತ್ತೆ ನಾಗಕ್ಕನಿಗೆ ತಡೆಯಲಾಗಲಿಲ್ಲ.

"ಹೇಳಿಬಿಡು ಹೊನ್ನಿ, ಎಷ್ಟು ದಿನ ಮುಚ್ಚಿಡ್ತಿ? ಕೂಸು ಹೋಗಿ ವರ್ಸ ಆಗಾಕ ಬಂತವಾ."

ಗೀತಾಂಜಲಿಯ ಗಂಡ ಡಾಕ್ಟರ್ ಕಾಂತೇಶ್ ಮಕ್ಕಳ ಕಿಡ್ನಿ ಕಾಯಿಲೆಗಳ ಮೇಲೆ ಇಪ್ಪತ್ತಮೂರು ಲೇಖನ ಪ್ರಕಟಿಸಿದ್ದ. ಕೊನೆಯದು ಈ ಸುತ್ತಿನ ಊರುಗಳ ಹನ್ನೆರಡು ಮಕ್ಕಳದು: ಗುಳಿಗೆ ಬೇಗ ನಿಲ್ಲಿಸಿದರೂ ಮೈ ಬಾತುಕೊಳ್ಳುವ ಆ ಕಾಯಿಲೆ ಮರಳಲಿಲ್ಲ, ಹನ್ನೆರಡೂ ಮಕ್ಕಳು ಆರಾಮಾಗಿದ್ದಾರೆ ಎಂದು. ಅದು ಅಚ್ಚಾಗಿ ಬಂದಾಗ ಅವನು ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಈಗ ಅವನ ನೆನಪಿನ ಪುಸ್ತಕಕ್ಕೆ ಆ ಮಕ್ಕಳ ಫೋಟೊ ಬೇಕಿತ್ತು. ಹನ್ನೊಂದು ಸಿಕ್ಕಿದ್ದವು.

"ಮತ್ತೆ ಪ್ರತಿ ಭಾನುವಾರ ಆರಾಮ ಅದಾಳ ಅಂತಿದ್ರಿ?" ಎಂದಳು ಗೀತಾಂಜಲಿ. ಅವಳಿಗೆ ಚೆನ್ನಾಗಿ ನೆನಪಿತ್ತು. ಹಾಸಿಗೆ ಹಿಡಿದ ಗಂಡನಿಗಾಗಿ ಇಲ್ಲಿಗೆ ಫೋನ್ ಹಚ್ಚಿ ಅವನ ಕಿವಿಗೆ ಹಿಡಿಯುತ್ತಿದ್ದವಳು ಅವಳೇ. ಆ ಮಾತು ಕೇಳಿದ ಮೇಲೆಯೇ ಅವನು ಎರಡು ಚಮಚ ಗಂಜಿ ಕುಡಿಯುತ್ತಿದ್ದ.

"ಸಾಹೇಬ್ರ ಉಸುರು ಕೇಳಸ್ತಿತ್ರಿ ಫೋನಿನ್ಯಾಗ. ಒಂದು ಮಾತಿಗೆ ಮೂರು ಸಲ ನಿಲ್ಲೋರು. ಅಂಥೋರಿಗೆ ಹೆಂಗ ಹೇಳಲಿ?"

ಹೊನ್ನೂರಮ್ಮ ಒಳಗೆ ಹೋಗಿ ಗೂಡಿನಲ್ಲಿದ್ದ ನೋಟುಬುಕ್ಕು ತಂದು ಕೊಟ್ಟಳು. ಕಾಂತೇಶ್ ಎಲ್ಲ ತಾಯಂದಿರಿಗೂ ಒಂದೊಂದು ಕೊಟ್ಟಿದ್ದ. ಬೆಳಿಗ್ಗೆ ಮಗುವಿನ ಉಚ್ಚೆಯಲ್ಲಿ ಕಾಗದದ ಪಟ್ಟಿ ಅದ್ದಬೇಕು. ಬಣ್ಣ ತಿರುಗಿದರೆ ಕಾಯಿಲೆ ಮರಳಿದಂತೆ, ಪ್ಲಸ್ ಬರೆಯಬೇಕು; ಇಲ್ಲದಿದ್ದರೆ ಸೊನ್ನೆ. ಗುಳಿಗೆ ನಿಲ್ಲಿಸಿದ ಮೇಲೆ ಎರಡು ತಿಂಗಳು ಬರೀ ಸೊನ್ನೆ. ಆಮೇಲೆ ಒಂದು ಗುರುವಾರ ಒಂದು ಪ್ಲಸ್, ಶುಕ್ರವಾರ ಎರಡು, ಶನಿವಾರ ಮೂರು. ಭಾನುವಾರದಿಂದ ಮತ್ತೆ ಸೊನ್ನೆ, ಪುಟ ತಿರುವಿದಷ್ಟೂ ಸೊನ್ನೆ.

"ಕೂಸು ಹೋದ ಮ್ಯಾಲೂ ದಿನಾ ಎದ್ದು ಬರದಾಳ" ಎಂದಳು ನಾಗಕ್ಕ. "ಕುರಿಮರಿಗೆ ನೀರಿಡೋದು ಮರತಾಳು, ಇದನ್ನ ಮರೀಲಿಲ್ಲ ಮಾರಾಯ್ತಿ."

"ಸಾಹೇಬ್ರು ಯಾವ ದಿನದ್ದು ಕೇಳಿದ್ರೂ ಬಾಯಿ ತಡವರಿಸಬಾರದಲ್ಲತ್ತಿ" ಎಂದಳು ಹೊನ್ನೂರಮ್ಮ. "ಅವರ ಫೋನು ನಿಂತ ಮ್ಯಾಲೆ ಬರದಿಲ್ಲ."

ಗೀತಾಂಜಲಿ ಬಹಳ ಹೊತ್ತು ಆ ಪುಟ ನೋಡಿದಳು. ಅಳು ಬರಲಿಲ್ಲ. ಅಳು ಬಂದು ಎಷ್ಟೋ ತಿಂಗಳಾಗಿತ್ತು.

"ಇದನ್ನ ಅವರ ಲೇಖನ ಹಾಕಿದ ಪತ್ರಿಕೆಗೆ ಬರೆದು ತಿಳಿಸಬೇಕು" ಎಂದಳು.

"ಸಾಹೇಬ್ರ ಹೆಸರು ಕೆಡ್ತತೇನ್ರಿ?"

"ಕೆಡ್ತದೆ."

"ಹಂಗಾರ ಬ್ಯಾಡ್ರಿ. ನಾನು ಹೇಳಿದ ಸುಳ್ಳಿಗೆ ಅವರ ಹೆಸರು ಯಾಕ ಕೆಡಸ್ತೀರಿ? ಈ ಊರು ಬಿಟ್ರ ಹೊರಗ ಯಾರಿಗೂ ಗೊತ್ತಾಗಂಗಿಲ್ಲ."

"ಅದನ್ನ ಓದಿದ ಡಾಕ್ಟರು ಬೇರೆ ಮಕ್ಕಳ ಗುಳಿಗೀನೂ ಬೇಗ ನಿಲ್ಲಿಸ್ತಾರೆ, ಹೊನ್ನೂರಮ್ಮ. ಈಗಲೇ ಇಬ್ಬರು ಹಾಗೆ ಮಾಡ್ತೀವಂತ ನನಗೆ ಕಾಗದ ಬರೆದಾರೆ."

ಹೊನ್ನೂರಮ್ಮ ಅತ್ತೆಯ ಮುಖ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಗೀತಾಂಜಲಿಯ ಎದುರಿಗೆ ಕೂತಳು. "ಬರಕೋರಿ ಹಂಗಾರ."

ಗೀತಾಂಜಲಿ ಪೆನ್ನು ತೆಗೆದಳು. "ತೀರಿಕೊಂಡ ದಿನ?"

ಹೊನ್ನೂರಮ್ಮ ಮೂರು ಪ್ಲಸ್ಸಿನ ಮುಂದಿನ ಸೊನ್ನೆಯ ಮೇಲೆ ಬೆರಳಿಟ್ಟಳು.

"ಇದರಿ, ಭಾನುವಾರ. ಮುಂಜಾನಿ ದವಾಖಾನಿಯಿಂದ ತಂದು ಪಡಸಾಲ್ಯಾಗ ಹಾಕಿದ್ವಿ. ಮನಿ ತುಂಬ ಮಂದಿ ಅಳಾಕ ಹತ್ತಿದ್ರು. ಅಷ್ಟರಾಗ ನಿಮ್ಮ ಫೋನು ಬಂತು. ಎಲ್ಲಾರಿಗೂ ಬಾಯಿ ಮುಚ್ಚರಿ ಅಂತ ಬೈದು ಎತ್ತಿದೆ."